ಅವಿಂಧ

ಹಳೆಯ ಮರಾಠಿಯಲ್ಲಿ ಮುಸಲ್ಮಾನರಿಗೆ ‘ಅವಿಂಧ’ ಎಂಬ ಹೆಸರಿತ್ತು. ಬಖರುಗಳೆಂಬ ಹಳೆಯ ಚರಿತ್ರೆಯ ಬರಹಗಳಲ್ಲೂ ಸಂತರ ಪದಗಳಲ್ಲೂ ಅದು ಸಿಗುತ್ತದೆ. ಚುಚ್ಚದೆ ಉಳಿದದ್ದು ಎಂದು ಅರ್ಥ. ಚುಚ್ಚದೆ ಉಳಿದದ್ದು ಕಿವಿ. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ, ಅಕ್ಕಸಾಲಿಗ ಚಿನ್ನದ ತಂತಿಯಿಂದ ಹಾಲೆ ಚುಚ್ಚುತ್ತಿದ್ದಂತೆ ಬಾಯಿಗೆ ಬೆಲ್ಲದ ಚೂರು ಹಾಕುವ ಶಾಸ್ತ್ರ ನಮ್ಮ ಕಡೆಯೂ ಇದೆ. ಯಾರ ಮನೆಯಲ್ಲಿ ಈ ಶಾಸ್ತ್ರವಿಲ್ಲವೋ ಅವರೆಲ್ಲ ಅವಿಂಧರು. ಆದರೆ ದಖ್ಖನಿನ ಹಳೇ ತಲೆಯ ಮುಸ್ಲಿಂ ಹೆಂಗಸರ ಕಿವಿಯಲ್ಲಿ ಹಾಲೆಯಿಂದ ಮೇಲಂಚಿನವರೆಗೆ ಸಾಲಾಗಿ ಬಾಲಿಗಳಿರುತ್ತಿದ್ದವು. ಹೆಸರಿಟ್ಟವರು ನೋಡಿದ್ದು ಗಂಡಸರ ಕಿವಿಯನ್ನಷ್ಟೇ. ಅರ್ಧ ಸಮುದಾಯದ ಮಟ್ಟಿಗೆ ಆ ಹೆಸರು ಹುಟ್ಟುವಾಗಲೇ ಸುಳ್ಳಾಗಿತ್ತು.

ಆ ಹೆಸರನ್ನು ತಾವೇ ಹೊತ್ತವರೂ ಇದ್ದರು. ಮಹಾರಾಷ್ಟ್ರದ ದೌಂಡದಿಂದ ಮನ್ಮಾಡದ ಕಡೆಗೆ ರೈಲು ಹಿಡಿದು ಭೀಮಾ ದಾಟಿದರೆ ಶ್ರೀಗೊಂದಾ ಸೀಮೆ. ‘ಯೋಗಸಂಗ್ರಾಮ’ ಬರೆದ ಸಂತ ಶೇಖ್ ಮಹಮ್ಮದರ ಊರು ಅದು. ಶಿವಾಜಿಯ ಅಜ್ಜ ಮಾಲೋಜಿ ಭೋಸಲೆ ಶೇಖ್ ಮಹಮ್ಮದರಿಗೆ ಅಲ್ಲಿ ಮಠ ಕಟ್ಟಿಸಿಕೊಟ್ಟರೆಂದು ಪ್ರತೀತಿ. ಈ ಸಂತರು ತಮ್ಮನ್ನು ತಾವೇ ಅವಿಂಧ ಎಂದು ಕರೆದುಕೊಂಡರು, ಅದೇ ಉಸಿರಿನಲ್ಲಿ ತಮ್ಮ ಹರಿಭಕ್ತಿಯನ್ನೂ ಹೇಳಿಕೊಂಡರು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಹಿಂದೆಲ್ಲ ದೌಂಡದಲ್ಲಿ ಎಂಜಿನ್ನನ್ನು ಇನ್ನೊಂದು ತುದಿಗೆ ಕಟ್ಟಿಸಿಕೊಂಡು, ಕೊನೆಯ ಡಬ್ಬಿಯೇ ಮೊದಲಾಗಿ ಹೊರಡುತ್ತಿತ್ತು. ಶೇಖ್ ಮಹಮ್ಮದರ ಬಾಯಲ್ಲಿ ಆ ಪದವೂ ಹಾಗೇ ತಿರುಗಿ ನಿಂತಿತು. ಹೊರಗಿನವನೆಂದು ತೋರಿಸಲು ಹುಟ್ಟಿದ ಮಾತು ಒಳಗಿನವನ ಗುರುತಾಯಿತು. ಪದವೊಂದಕ್ಕೆ ಇದಕ್ಕಿಂತ ದೊಡ್ಡ ಭಾಗ್ಯ ನನಗೆ ತೋಚುವುದಿಲ್ಲ.

ನಮ್ಮ ‘ತುರುಕ’ನಿಗೆ ಆ ಭಾಗ್ಯ ಬರಲಿಲ್ಲ. ತುರ್ಕರ ಹೆಸರು ಮುಸಲ್ಮಾನರಿಗೆಲ್ಲ ಅಂಟಿ, ಕೊನೆಗೆ ಬೈಗುಳವಾಗಿ ನಿಂತಿತು. 16ನೆಯ ಶತಮಾನದ ಇಂಗ್ಲಿಷರೂ ಇಸ್ಲಾಮಿಗೆ ಸೇರಿದವನನ್ನು ‘ತುರ್ಕನಾದ’ ಎನ್ನುತ್ತಿದ್ದರು. ಅಂದು ಕುಲದ ಹೆಸರು ಧರ್ಮದ ಹೆಸರಾಯಿತು. ಇಂದಿನ ಯುರೋಪಿನಲ್ಲಿ ಧರ್ಮದ ಹೆಸರೇ ಕುಲದ ಹೆಸರಾಗುತ್ತಿದೆ. ಪಶ್ಚಿಮ ಜರ್ಮನಿ 1961ರಲ್ಲಿ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕರೆಸಿಕೊಂಡವರು ಮೊದಲು ‘ಅತಿಥಿ ಕಾರ್ಮಿಕ’ರಾಗಿದ್ದರು, ಆಮೇಲೆ ‘ತುರ್ಕ’ರಾದರು, ಅವರ ಮೊಮ್ಮಕ್ಕಳು ಬರೀ ‘ಮುಸ್ಲಿಮ’ರು. ಬ್ರಿಟನ್ನಿನ ಗಿರಣಿಗಳಲ್ಲಿ ರಾತ್ರಿ ಪಾಳಿ ಮಾಡಿದ ಮೀರ್‌ಪುರದವರು ‘ಪಾಕಿಸ್ತಾನಿ’ಗಳಾಗಿದ್ದರು, ‘ಏಷ್ಯನ್’ ಆಗಿದ್ದರು. ಸಲ್ಮಾನ್ ರಶ್ದಿಯ ಕಾದಂಬರಿಯ ಸುತ್ತ ಎದ್ದ 1989ರ ವಿವಾದದ ನಂತರ ಅವರ ಮೇಲಿನ ಚೀಟಿಯೂ ಬದಲಾಯಿತು.

ಚೀಟಿ ಅಂಟಿಸುವ ಕೆಲಸದಲ್ಲಿ ರಾಜಕೀಯ ವಿಶ್ಲೇಷಕರ ಪಾಲು ದೊಡ್ಡದು. 1990ರಲ್ಲಿ ಇತಿಹಾಸಕಾರ ಬರ್ನಾರ್ಡ್ ಲೂಯಿಸ್ ‘ಮುಸ್ಲಿಂ ರೋಷದ ಬೇರುಗಳು’ ಎಂದು ಬರೆದರು. ಮೊರಾಕೊದಿಂದ ಇಂಡೊನೇಷ್ಯಾದವರೆಗಿನ ಕೋಟ್ಯಂತರ ಜನಕ್ಕೆ ಒಂದೇ ಸಿಟ್ಟು! 1993ರಲ್ಲಿ ರಾಜಕೀಯ ವಿಜ್ಞಾನಿ ಸ್ಯಾಮ್ಯುಯಲ್ ಹಂಟಿಂಗ್ಟನ್ ಅದನ್ನೇ ನಾಗರಿಕತೆಗಳ ಸಂಘರ್ಷವೆಂಬ ವಾದವಾಗಿ ಹಿಗ್ಗಿಸಿದರು. 9/11ರ ನಂತರ ‘ಮಾಡರೇಟ್ ಮುಸ್ಲಿಂ’ ಎಂಬ ಮಾತು ಎಲ್ಲೆಡೆ ಚಾಲ್ತಿಗೆ ಬಂತು. ಹೊಗಳಿಕೆಯಂತೆ ಕೇಳಿಸುವ ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಉಳಿದವರೆಲ್ಲ ಉಗ್ರರು ಎಂಬುದನ್ನು ಅದು ಹೇಳದೆಯೇ ಹೇಳಿಬಿಡುತ್ತದೆ. ವಿದ್ವಾಂಸ ಮಹಮೂದ್ ಮಮ್ದಾನಿ ತಮ್ಮ 2004ರ ಪುಸ್ತಕದಲ್ಲಿ ಒಳ್ಳೆಯ ಮುಸ್ಲಿಂ, ಕೆಟ್ಟ ಮುಸ್ಲಿಂ ಎಂಬ ಈ ವಿಂಗಡಣೆಯನ್ನೇ ಬಿಡಿಸಿಟ್ಟರು. ಆದರೂ ನಮ್ಮ ಚಾನೆಲ್ಲುಗಳು ಅದನ್ನು ಎರವಲು ತಂದು ದಿನಾ ಬಳಸುತ್ತಿವೆ.

ಈ ಚೀಟಿ ಅಂಟಿಸುವಿಕೆ ಬರೀ ಮಾತಿನ ಮಟ್ಟದಲ್ಲಿ ನಿಲ್ಲುವುದಿಲ್ಲ. ‘ಮಹಾ ಪಲ್ಲಟ’, ಅಂದರೆ ವಲಸೆ ಬಂದ ಮುಸ್ಲಿಮರು ಯುರೋಪಿನ ಮೂಲನಿವಾಸಿಗಳ ಜಾಗ ಕಬಳಿಸುತ್ತಾರೆಂಬ ಕಲ್ಪನೆ, 2011ರಲ್ಲಿ ಫ್ರಾನ್ಸಿನ ರೆನೊ ಕಾಮು ಎಂಬ ಲೇಖಕನ ಪುಸ್ತಕದ ಹೆಸರಾಗಿತ್ತು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ಎರಡು ಮಸೀದಿಗಳ ಮೇಲೆ ದಾಳಿ ಮಾಡಿ 51 ಜನರನ್ನು ಕೊಂದವನು ತನ್ನ ಬರಹಕ್ಕೆ ಇಟ್ಟದ್ದೂ ಅದೇ ಹೆಸರು.

ಚೀಟಿ ಗೆದ್ದವರನ್ನೂ ಬಿಡುವುದಿಲ್ಲ. 2016ರಲ್ಲಿ ಸಾದಿಕ್ ಖಾನ್ ಲಂಡನ್ನಿನ ಮೇಯರ್ ಆದಾಗ ಜಗತ್ತಿನ ಪತ್ರಿಕೆಗಳು ‘ಮುಸ್ಲಿಂ ಮೇಯರ್’ ಎಂದು ಬರೆದವು. ಆತ ಬಸ್ ಚಾಲಕನ ಮಗ, ಮಾನವ ಹಕ್ಕುಗಳ ವಕೀಲ, 2005ರಿಂದ ಅಲ್ಲಿಯವರೆಗೆ ಟೂಟಿಂಗ್‌ನ ಸಂಸದನಾಗಿದ್ದವ. ಅವರಿಗಿಂತ ಮುಂಚಿನ ಮೇಯರ್‌ಗಳಾದ ಲಿವಿಂಗ್‌ಸ್ಟನ್, ಜಾನ್ಸನ್ ಇಬ್ಬರ ಧರ್ಮವನ್ನೂ ಯಾವ ತಲೆಬರಹವೂ ಕೇಳಿರಲಿಲ್ಲ. 2021ರಲ್ಲಿ, 2024ರಲ್ಲಿ ಖಾನ್ ಮತ್ತೆ ಗೆದ್ದರು. ಮೂರು ಸಲ ಆರಿಸಿದ ಲಂಡನ್ನಿನವರಿಗೆ ಆತ ಬರೀ ಮೇಯರ್. ನಮ್ಮ ಪತ್ರಿಕೆಗಳಿಗೂ ಅಷ್ಟು ಸಾಕಾಗಬೇಕು.