ಸ್ನುಹಿಯೂ ಪಾಪಾಸುಕಳ್ಳಿಯೂ

ಸಂಸ್ಕೃತ ಕೋಶಗಳಲ್ಲಿ ಬರುವ ‘ಸ್ನುಹಿ’ ಎಂಬ ಶಬ್ದಕ್ಕೂ, ಪ್ರಾಚೀನ ಕನ್ನಡ ಗ್ರಂಥಗಳಲ್ಲಿ ‘ಕಳ್ಳಿ’ ಎಂಬ ಶಬ್ದ ಬಂದಲ್ಲಿಯೂ ‘ಪಾಪಾಸುಕಳ್ಳಿ’ ಎಂದು ಅರ್ಥ ಹೇಳುವ ವಾಡಿಕೆ ಪಾಠಶಾಲೆಗಳಲ್ಲಿ ಉಂಟು. ನಾನೂ ಅನೇಕ ವರ್ಷ ಹಾಗೆಯೇ ಪಾಠ ಹೇಳಿದವನು. ಒಮ್ಮೆ ಅಮರಕೋಶದ ವನೌಷಧಿವರ್ಗವನ್ನು ಹೇಳುತ್ತಿದ್ದಾಗ ಸ್ನುಹಿಯ ಪರ್ಯಾಯಗಳಲ್ಲೊಂದಾದ ‘ಸಮಂತದುಗ್ಧಾ’ ಎಂಬುದನ್ನು ‘ಸರ್ವಾಂಗದಲ್ಲಿಯೂ ಹಾಲುಳ್ಳದ್ದು’ ಎಂದು ವಿವರಿಸಿದೆನು. ಮರುದಿನ ವಿದ್ಯಾರ್ಥಿಯೊಬ್ಬನು ಬೇಲಿಯಿಂದ ಪಾಪಾಸುಕಳ್ಳಿಯ ತುಂಡೊಂದನ್ನು ಮುರಿದು ತಂದು ಮುಂದಿಟ್ಟನು. ಅದರಲ್ಲಿ ಹಾಲಿನ ತೊಟ್ಟೊಂದೂ ಇರಲಿಲ್ಲ. ಬಣ್ಣವಿಲ್ಲದ ಲೋಳೆ ಮಾತ್ರ ಒಸರುತ್ತಿದ್ದಿತು. ಕೋಶಕಾರನು ತಪ್ಪಿದನೋ ನಾವು ತಪ್ಪಿದೆವೋ ಎಂಬ ಸಂಶಯವು ಅಂದು ಹುಟ್ಟಿತು. ತಪ್ಪು ನಮ್ಮದೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಎರಡು ಕುಲಗಳ ಲಕ್ಷಣಗಳನ್ನು ನೋಡೋಣ. ಸ್ನುಹಿಯು ಯೂಫೋರ್ಬಿಯಾ ಎಂಬ ಕುಲಕ್ಕೆ ಸೇರಿದುದು. ನಮ್ಮ ಎಲೆಗಳ್ಳಿಯೂ, ಏಣುಗಳುಳ್ಳ ಕಾಂಡದ ಚದುರಗಳ್ಳಿಯೂ ಈ ಕುಲದವು. ಇವುಗಳಲ್ಲಿ ಮುಳ್ಳುಗಳು ಏಣಿನ ಮೇಲೆ ಎರಡೆರಡಾಗಿ ಜೊತೆಗೂಡಿರುವುವು. ಹೂ ಬಹು ಸಣ್ಣದು. ಕಾಯಿ ಮೂರು ಹೋಳಿನದು. ಎಲ್ಲಿ ಗೀರಿದರೂ ಬಿಳಿಯ ಹಾಲು ಸುರಿಯುವುದು. ಪಾಪಾಸುಕಳ್ಳಿಯು ಒಪನ್ಷಿಯಾ ಕುಲದ್ದು. ನಾವು ಎಲೆ ಎಂದು ಭ್ರಮಿಸುವ ಚಪ್ಪಟೆಯಾದ ಖಂಡವು ಅದರ ಕಾಂಡವೇ. ನಿಜವಾದ ಎಲೆಯು ಎಳೆಯ ಖಂಡದ ಮೇಲೆ ಸಣ್ಣ ಮೊನೆಯಂತೆ ಹುಟ್ಟಿ ಬೇಗನೆ ಉದುರಿಹೋಗುವುದು. ಮುಳ್ಳುಗಳು ಸಣ್ಣ ದಿಂಡಿನಂಥ ಸ್ಥಾನಗಳಿಂದ ಹೊರಡುವುವು. ಅವುಗಳ ಬುಡದಲ್ಲಿ ಮುಟ್ಟಿದರೆ ಕೈಗೆ ನಾಟುವ ಕೂದಲಿನಂಥ ಸೂಜಿಗಳ ಗುಚ್ಛವಿರುವುದು. ಹೂ ದೊಡ್ಡದು, ಬಹುದಳದ್ದು. ಹಣ್ಣು ತಿರುಳಿನಿಂದಲೂ ಗಟ್ಟಿಬೀಜಗಳಿಂದಲೂ ತುಂಬಿದ್ದು.

ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ‘ಸುಧಾಕಲ್ಪ’ವೆಂಬ ಅಧ್ಯಾಯವೇ ಇದೆ. ಸುಧೆಯೆಂಬುದೂ ಸ್ನುಹಿಯ ನಾಮಾಂತರ. ಅಲ್ಲಿ ಹೇಳಿರುವುದೆಲ್ಲ ಅದರ ಹಾಲನ್ನು ವಿರೇಚನಕ್ಕಾಗಿ ಬಳಸುವ ಕ್ರಮ. ಮುಳ್ಳು ಕಡಮೆಯಿರುವುದು, ಹೆಚ್ಚಾಗಿರುವುದು ಎಂಬ ಎರಡು ಭೇದಗಳನ್ನೂ ಆಚಾರ್ಯನು ಮಾಡಿರುವನು. ಗಿಡವನ್ನು ಮುಳ್ಳಿನಿಂದಲೂ ಹಾಲಿನಿಂದಲೂ ಗುರುತಿಸುವ ವಿವೇಕವು ಪ್ರಾಚೀನರಿಗೆ ಚೆನ್ನಾಗಿ ಇದ್ದಿತು. ಅದನ್ನು ಮರೆತವರು ಟೀಕೆಯನ್ನು ಬರೆಯುವ ನಾವು.

ಇನ್ನು ಕಾಲದ ವಿಚಾರ. ಒಪನ್ಷಿಯಾ ಕುಲದ ಜಾತಿಗಳೆಲ್ಲವೂ ಅಮೆರಿಕಾ ಖಂಡದಲ್ಲಿ ಹುಟ್ಟಿದವು. ಕೊಲಂಬಸನು ಆ ಖಂಡದ ದ್ವೀಪಗಳನ್ನು ಮುಟ್ಟಿದ್ದು 1492ರಲ್ಲಿ. ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಆದುದರಿಂದ ಹದಿನಾರನೆಯ ಶತಮಾನಕ್ಕೆ ಮೊದಲು ಈ ಗಿಡವು ನಮ್ಮ ದೇಶದಲ್ಲಿರಲು ಅವಕಾಶವಿಲ್ಲ. ಲಿನ್ನೇಯಸನು 1753ರಲ್ಲಿ ಇದರ ಒಂದು ಜಾತಿಗೆ ಕೊಟ್ಟ ‘ಫೈಕಸ್ ಇಂಡಿಕಾ’ ಎಂಬ ವಿಶೇಷಣವನ್ನು ಕಂಡು ಇದು ಭಾರತೀಯವೆಂದು ಊಹಿಸಬಾರದು. ಅಲ್ಲಿಯ ‘ಇಂಡಿಯಾ’ ಎಂಬುದು ಸ್ಪೇನಿನವರು ಹಾಗೆ ಕರೆದ ಅಮೆರಿಕವೇ.

ಹೆಸರುಗಳೂ ಇದನ್ನೇ ಹೇಳುತ್ತವೆ. ‘ಪಾಪಾಸು’ ಎಂಬುದು ಪಾದರಕ್ಷೆಯ ಅರ್ಥವುಳ್ಳ ‘ಪಾಪೋಷ್’ ಎಂಬ ಪಾರಸೀಕ ಶಬ್ದದಿಂದ ಬಂದುದು. ಖಂಡವು ಮೆಟ್ಟಿನ ಅಟ್ಟೆಯಂತೆ ಕಾಣುವುದರಿಂದ ಈ ಹೆಸರು. ತಮಿಳರು ಇದನ್ನು ‘ಸಪ್ಪಾತ್ತುಕ್ಕಳ್ಳಿ’ ಎನ್ನುವರು. ಅಲ್ಲಿಯ ‘ಸಪ್ಪಾತ್ತು’ ಎಂಬುದು ಮೆಟ್ಟನ್ನು ಹೇಳುವ ‘ಸಪಾತು’ ಎಂಬ ಪೋರ್ತುಗೀಸ್ ಶಬ್ದ. ನೆರೆಹೊರೆಯ ಎರಡು ಭಾಷೆಗಳು ಒಂದೇ ಸಾದೃಶ್ಯವನ್ನು ಕಂಡು, ಎರಡೂ ಪರದೇಶದ ಶಬ್ದಗಳಿಂದ ಹೊಸ ಗಿಡಕ್ಕೆ ಹೆಸರಿಟ್ಟುವು. ‘ಕಳ್ಳಿ’ ಎಂಬ ಉತ್ತರಪದ ಮಾತ್ರ ದೇಶ್ಯವಾದ ಹಳೆಯ ಮಾತು. ಹಿಂದೆ ಹಾಲುಳ್ಳ ಗಿಡಕ್ಕೇ ಸಲ್ಲುತ್ತಿದ್ದ ಆ ಮಾತು ಹಾಲಿಲ್ಲದ ಗಿಡಕ್ಕೂ ಹಬ್ಬಿದ್ದೇ ಗೊಂದಲಕ್ಕೆ ಮೂಲ.

ಪಾಪಾಸುಕಳ್ಳಿಯೆಂಬುದೂ ಒಂದೇ ಜಾತಿಯಲ್ಲ. ನಮ್ಮಲ್ಲಿ ನೆಲೆಸಿದವುಗಳಲ್ಲಿ ಮುಖ್ಯವಾದವು ಮೂರು. (1) ಮೊನಕ್ಯಾಂತಾ: ಈ ಗ್ರೀಕ್ ಹೆಸರಿಗೆ ‘ಏಕಕಂಟಕ’ವೆಂದರ್ಥ. ಮರದಂತೆ ಎತ್ತರವಾಗಿ ಬೆಳೆಯುವುದು. ಖಂಡಗಳು ತೆಳುವಾಗಿ, ಹೊಳಪಾದ ಹಸುರಾಗಿ, ಬುಡದಲ್ಲಿ ಕಿರಿದಾಗಿರುವುವು. ಮುಳ್ಳು ನೆಟ್ಟಗಿದ್ದು ಸ್ಥಾನಕ್ಕೆ ಒಂದೋ ಎರಡೋ ಇರುವುದು. ರಾಕ್ಸ್‌ಬರ್ಗನು ‘ಕ್ಯಾಕ್ಟಸ್ ಇಂಡಿಕಸ್’ ಎಂದು ಕರೆದುದು ಇದನ್ನೇ. (2) ಡಿಲ್ಲೆನಿಯೈ: ಪೊದೆಯಾಗಿ ಬೆಳೆಯುವುದು, ಖಂಡ ನೀಲಿ ಬೆರೆತ ಹಸುರು, ಅಂಚು ಅಲೆಯಲೆಯಾದುದು, ಮುಳ್ಳುಗಳು ಹಳದಿ, ಬಲವಾದವು, ತುಸು ಚಪ್ಪಟೆ, ಹಲವು ಬಾಗಿದವು, ಹೂ ಹಳದಿ. (3) ಇಲೇಟಿಯರ್: ಮುಳ್ಳು ಕಂದುಬಣ್ಣದ್ದು, ಸೂಜಿಯಂತೆ ದುಂಡಗಿರುವುದು, ಹೂವಿನ ಕೇಸರಗಳು ಕೆಂಪು. ಹಳದಿಯ ಚಪ್ಪಟೆ ಮುಳ್ಳು, ಕಂದಿನ ದುಂಡುಮುಳ್ಳು, ಒಂಟಿಮುಳ್ಳು ಎಂದು ನೆನಪಿಟ್ಟರೆ ಸಾಮಾನ್ಯವಾಗಿ ಸಾಕು.

ಈ ಭೇದವು ಇತಿಹಾಸಕ್ಕೆ ಎಷ್ಟು ಮುಖ್ಯವೆಂಬುದನ್ನು ಒಂದು ಹುಳುವಿನ ಕಥೆ ತಿಳಿಸುವುದು. ಕಿರಮಂಜಿ ಬಣ್ಣವನ್ನು ಕೊಡುವ ಕೊಚಿನೀಲ್ ಹುಳುವು ಪಾಪಾಸುಕಳ್ಳಿಯ ಮೇಲೆ ಬದುಕತಕ್ಕದ್ದು. ಸ್ಪೇನಿನವರು ಮೆಕ್ಸಿಕೋವಿನಿಂದ ಅದರ ವ್ಯಾಪಾರವನ್ನು ತಮ್ಮದಾಗಿಟ್ಟುಕೊಂಡಿದ್ದರು. ಅದನ್ನು ಇಲ್ಲಿಯೇ ಬೆಳೆಸಬೇಕೆಂದು ಮದರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಎಂಬಾತನು 1786ರಿಂದ ಪ್ರಯತ್ನಿಸಿ, ಸೈದಾಪೇಟೆಯ ಬಳಿ ಕಳ್ಳಿಯ ತೋಟವನ್ನೇ ಹಾಕಿಸಿದನು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬುವನು ಬ್ರೆಜಿಲಿನಿಂದ ಹುಳುವನ್ನು ಕಲ್ಕತ್ತೆಗೆ ತಂದನು. ಆದರೆ ಅದು ಬಯಸಿದ ಹುಳುವಲ್ಲ, ಕೀಳು ಬಣ್ಣದ ಬೇರೊಂದು ಜಾತಿಯದು. ಬಣ್ಣದ ಲಾಭ ಕೈಗೂಡಲಿಲ್ಲ. ಹುಳುವು ಮಾತ್ರ ಏಕಕಂಟಕ ಜಾತಿಯನ್ನು ತಿಂದು ಬಹುಮಟ್ಟಿಗೆ ನಿರ್ಮೂಲ ಮಾಡಿತು. ಇದನ್ನು ಕಂಡು 1836–38ರಲ್ಲಿ ಕಳೆಯ ನಾಶಕ್ಕಾಗಿಯೇ ಅದನ್ನು ದಕ್ಷಿಣಕ್ಕೆ ತಂದರು. ಇಲ್ಲಿಯೂ ಅದು ಆ ಜಾತಿಯನ್ನು ಅಳಿಸಿತು. ಡಿಲ್ಲೆನಿಯೈ ಮತ್ತು ಇಲೇಟಿಯರ್ ಜಾತಿಗಳು ಹಾಗೆಯೇ ಉಳಿದು ಹೊಲಗಳನ್ನು ಆಕ್ರಮಿಸಿದುವು. 1926ರಲ್ಲಿ ಸಿಂಹಳದಿಂದ ಉತ್ತರ ಅಮೆರಿಕಾ ಮೂಲದ ಇನ್ನೊಂದು ಹುಳುವನ್ನು ತಂದ ಮೇಲೆ ಅವುಗಳ ಬಲವು ಕುಗ್ಗಿತು.

ಮನುಷ್ಯನು ಮೂರಕ್ಕೂ ಒಂದೇ ಹೆಸರಿಟ್ಟನು. ಹುಳುವು ಹೆಸರಿಗೆ ಮೋಸಹೋಗಲಿಲ್ಲ. 1800ರ ಸುಮಾರಿನ ಬರಹದಲ್ಲಿ ಬರುವ ಪಾಪಾಸುಕಳ್ಳಿಯ ಬೇಲಿಯೂ 1900ರ ಬರಹದ ಬೇಲಿಯೂ ಹೆಸರಿನಲ್ಲಿ ಒಂದಾದರೂ ಗಿಡದಲ್ಲಿ ಬೇರೆಯಾಗಿರಬಹುದೆಂಬುದನ್ನು ಓದುವವರು ಗಮನಿಸಬೇಕು.

ಇದರಿಂದ ಸಂಪಾದಕರಿಗೂ ಅಧ್ಯಾಪಕರಿಗೂ ಎರಡು ಪ್ರಯೋಜನಗಳುಂಟು. ಹದಿನಾರನೆಯ ಶತಮಾನಕ್ಕೆ ಹಿಂದಿನ ಗ್ರಂಥದಲ್ಲಿ ಸ್ನುಹಿ, ವಜ್ರ, ಕಳ್ಳಿ ಎಂದು ಬಂದರೆ ಟಿಪ್ಪಣಿಯಲ್ಲಿ ‘ಹಾಲುಗಳ್ಳಿಯ ಜಾತಿ’ ಎಂದೇ ಬರೆಯಬೇಕು. ಪಾಪಾಸುಕಳ್ಳಿಯೆಂದರೆ ಅದು ಕಾಲವಿರುದ್ಧವಾದ ದೋಷ. ಎರಡನೆಯದಾಗಿ, ಪ್ರಾಚೀನವೆನಿಸಿಕೊಳ್ಳುವ ನಿಘಂಟು ಅಥವಾ ವೈದ್ಯಗ್ರಂಥದಲ್ಲಿ ಚಪ್ಪಟೆಯ ಖಂಡವೂ ತಿರುಳಿನ ಹಣ್ಣೂ ಉಳ್ಳ ಈ ಗಿಡದ ಸ್ಪಷ್ಟವಾದ ವರ್ಣನೆ ದೊರೆತರೆ, ಆ ಭಾಗವು ಪೋರ್ತುಗೀಸರ ಆಗಮನದ ಈಚಿನದೆಂದು ನಿರ್ಣಯಿಸಬಹುದು. ಲಿಪಿ, ಛಂದಸ್ಸು, ವ್ಯಾಕರಣಗಳ ಸಾಕ್ಷ್ಯದೊಡನೆ ಬೇಲಿಯ ಗಿಡದ ಸಾಕ್ಷ್ಯವನ್ನೂ ಕೇಳುವುದು ಯುಕ್ತ. ನಾನು ಈಗ ‘ಸಮಂತದುಗ್ಧಾ’ ಶಬ್ದಕ್ಕೆ ಬಂದಾಗ ಎಲೆಗಳ್ಳಿಯ ಒಂದು ಕಡ್ಡಿಯನ್ನೂ ಪಾಪಾಸುಕಳ್ಳಿಯ ಒಂದು ಖಂಡವನ್ನೂ ವಿದ್ಯಾರ್ಥಿಗಳ ಮುಂದಿಟ್ಟು ಪಾಠವನ್ನು ಹೇಳುತ್ತೇನೆ.