ದಾದಿಯರ ಕುರಿತು ನಾಲ್ಕು ವರದಿಗಳು

ಆಸ್ಪತ್ರೆಗೆ ಹೋದವರು ನರ್ಸನ್ನು ‘ಸಿಸ್ಟರ್’ ಎಂದೇ ಕರೆಯುತ್ತಾರೆ. ಕ್ರೈಸ್ತ ಸನ್ಯಾಸಿನಿಯರು ರೋಗಿಗಳ ಆರೈಕೆಗೆ ನಿಂತಿದ್ದ ಕಾಲದ ನೆನಪು ಆ ಮಾತಿನಲ್ಲಿದೆ. ಗೌರವದ ಜೊತೆಗೆ, ಇದು ಸಂಬಳಕ್ಕಿಂತ ಪುಣ್ಯಕ್ಕಾಗಿ ಮಾಡುವ ಕೆಲಸ ಎಂಬ ನಿರೀಕ್ಷೆಯೂ ಅದರಲ್ಲಿ ಅಡಗಿದೆ. ಹಾಗಾಗಿ ಕೆಲಸಕ್ಕೆ ಸೇರಿದ ಒಂದೆರಡು ವರ್ಷಕ್ಕೇ ಬೇಸತ್ತವರನ್ನು ಕಂಡರೆ ‘ಈಗಿನವರಿಗೆ ಸೇವಾಭಾವ ಇಲ್ಲ’ ಎಂದುಬಿಡುವುದು ಸುಲಭ. ಆದರೆ ಎಪ್ಪತ್ತು ವರ್ಷಗಳಲ್ಲಿ ಬಂದ ನಾಲ್ಕು ವರದಿಗಳನ್ನು ಜೊತೆಗಿಟ್ಟು ನೋಡಿದರೆ ಕಾರಣ ಬೇರೆಯೇ ಕಾಣುತ್ತದೆ.

ಮೊದಲನೆಯದು 1946ರ ಭೋರ್ ಸಮಿತಿಯ ವರದಿ. ನಾಸಿಕದಲ್ಲಿ ಹುಟ್ಟಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಸರ್ ಜೋಸೆಫ್ ಭೋರ್ ಅದರ ಅಧ್ಯಕ್ಷರು. ಆಗ ಬ್ರಿಟಿಷ್ ಇಂಡಿಯಾದಲ್ಲಿದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬರು. 1971ರ ಹೊತ್ತಿಗೆ 500 ಜನರಿಗೆ ಒಬ್ಬರಾದರೂ ಇರಬೇಕೆಂದು ಸಮಿತಿ ಗುರಿ ಇಟ್ಟಿತು. ಇಷ್ಟು ಬೇಡಿಕೆಯಿದ್ದರೂ ಹೆಣ್ಣುಮಕ್ಕಳು ಈ ವೃತ್ತಿಗೆ ಬರುತ್ತಿರಲಿಲ್ಲ. ಬೆನ್ನು ಮುರಿಯುವ ದುಡಿಮೆ, ಅದಕ್ಕೆ ತಕ್ಕುದಲ್ಲದ ಸಂಬಳ, ವಾಸಕ್ಕೆ ಯೋಗ್ಯವಲ್ಲದ ಕೋಣೆಗಳು, ಸಮಾಜದ ತಾತ್ಸಾರ ಅವರನ್ನು ದೂರವಿಟ್ಟಿದ್ದವು. ಕಲಿಯಲು ಬಂದ ಹುಡುಗಿಯರಿಂದಲೇ ವಾರ್ಡುಗಳನ್ನು ನಡೆಸುವ ಆಸ್ಪತ್ರೆಗಳಿಗೂ ಕೊರತೆಯಿರಲಿಲ್ಲ.

ಎರಡನೆಯದರಲ್ಲಿ ಕನ್ನಡನಾಡಿನ ಪರಿಚಿತ ಹೆಸರೊಂದಿದೆ. 1954ರಲ್ಲಿ ನರ್ಸುಗಳ ಸೇವಾ ನಿಯಮ, ಸಂಬಳಗಳನ್ನು ಪರಿಶೀಲಿಸಲು ನೇಮಿಸಿದ ಸಮಿತಿಯ ಅಧ್ಯಕ್ಷರು ಎ. ಬಿ. ಶೆಟ್ಟಿ, ಆಗಿನ ಮದ್ರಾಸ್ ರಾಜ್ಯದ ಆರೋಗ್ಯ ಸಚಿವರು. 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಸ್ಥಾಪಿಸಿದ ಅತ್ತಾವರ ಬಾಲಕೃಷ್ಣ ಶೆಟ್ಟರು ಇವರೇ. ದಕ್ಷಿಣ ಕನ್ನಡ ಆಗಿನ್ನೂ ಮದ್ರಾಸಿಗೆ ಸೇರಿತ್ತು. ಕಲಿಯುವವರ ಸ್ಥಿತಿ ಸುಧಾರಿಸಬೇಕೆಂದು ಈ ಸಮಿತಿಯೂ ಕೇಳಿತು.

ಮೂರನೆಯದು 1987ರಲ್ಲಿ ನೇಮಕವಾಗಿ 1989ರಲ್ಲಿ ವರದಿ ಕೊಟ್ಟ ಸರೋಜಿನಿ ವರದಪ್ಪನ್ ಸಮಿತಿ. ವಾರಕ್ಕೆ 40 ಗಂಟೆ ಕೆಲಸ, ಹೆಚ್ಚು ದುಡಿದರೆ ರಜೆ ಇಲ್ಲವೇ ಹಣ, ಒಂದೇ ಪಟ್ಟಿನ ಶಿಫ್ಟು ಎಂದು ಅದು ಶಿಫಾರಸು ಮಾಡಿತು. ಶಿಫ್ಟಿನ ಮಾತು ಸಣ್ಣದೆನಿಸಬಹುದು. ಆದರೆ ಬೆಳಿಗ್ಗೆ ಕೆಲವು ಗಂಟೆ, ಮತ್ತೆ ಸಂಜೆ ಕೆಲವು ಗಂಟೆ ಎಂದು ಡ್ಯೂಟಿಯನ್ನು ಒಡೆದರೆ ನಡುವಿನ ಬಿಡುವು ನಿದ್ದೆಗೂ ಸಾಲದು, ಮನೆಗೂ ಆಗದು. ಲೆಕ್ಕದಲ್ಲಿ ಎಂಟು ಗಂಟೆಯಾದರೂ ಇಡೀ ದಿನ ಆಸ್ಪತ್ರೆಯ ಪಾಲು.

ಮುಂದಿನ ಎರಡು ದಶಕಗಳಲ್ಲಿ ಚಿತ್ರ ಬದಲಾಯಿತು. ಬೆಂಗಳೂರು, ಮಂಗಳೂರುಗಳಲ್ಲಿ ಖಾಸಗಿ ನರ್ಸಿಂಗ್ ಕಾಲೇಜುಗಳು ಸಾಲುಸಾಲಾಗಿ ತೆರೆದವು. ಕೇರಳದ ವಿದ್ಯಾರ್ಥಿಗಳು ಬಂದು ತುಂಬಿದರು. ಬ್ಯಾಂಕ್ ಸಾಲ ಮಾಡಿ ಓದಿದವರು ದೆಹಲಿ, ಮುಂಬೈಗಳ ಖಾಸಗಿ ಆಸ್ಪತ್ರೆಗಳಿಗೆ ಸೇರಿದರು. ಅಲ್ಲಿ ಕಾದಿದ್ದದ್ದು ಬಾಂಡು. ಒಂದೆರಡು ವರ್ಷ ಬಿಡುವುದಿಲ್ಲವೆಂದು ಬರೆದುಕೊಡಬೇಕು, ಮೂಲ ಸರ್ಟಿಫಿಕೇಟುಗಳನ್ನು ಒಪ್ಪಿಸಬೇಕು, ಬಿಡಬೇಕೆಂದರೆ ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕು. ಸರ್ಟಿಫಿಕೇಟಿಲ್ಲದೆ ಬೇರೆ ಕೆಲಸ ಸಿಗದು. ಸಂಬಳ ಸಾಲದ ಕಂತಿಗೇ ಸಾಲದು. ಒತ್ತೆಯಿಟ್ಟ ಕಾಗದ ಅವರನ್ನು ಕಟ್ಟಿಹಾಕಿತ್ತು. 2011–12ರಲ್ಲಿ ದೆಹಲಿ, ಮುಂಬೈ, ಕೇರಳದ ಆಸ್ಪತ್ರೆಗಳ ಮುಂದೆ ನರ್ಸುಗಳು ಧರಣಿ ಕುಳಿತರು. ಬಾಂಡು ಹೋಗಬೇಕು, ಸರ್ಟಿಫಿಕೇಟು ವಾಪಸು ಬರಬೇಕು, ಸಂಬಳ ಏರಬೇಕು ಎಂಬುದು ಅವರ ಬೇಡಿಕೆ.

ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಾಲಯದ ಆದೇಶದಂತೆ ಕೇಂದ್ರ ಆರೋಗ್ಯ ಸಚಿವಾಲಯ ನೇಮಿಸಿದ ಸಮಿತಿ 2016ರಲ್ಲಿ ಕೊಟ್ಟದ್ದು ನಾಲ್ಕನೆಯ ವರದಿ. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸಂಬಳ ರಾಜ್ಯ ಸರ್ಕಾರದ ನರ್ಸಿಗೆ ಸಮನಾಗಿರಬೇಕು. ಎಷ್ಟೇ ಚಿಕ್ಕ ಆಸ್ಪತ್ರೆಯಾದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದು. ಜಾರಿ ಮಾತ್ರ ರಾಜ್ಯಗಳ ಕೈಯಲ್ಲಿ. ಕೇರಳ 2018ರಲ್ಲಿ 20,000 ರೂಪಾಯಿಯ ಕನಿಷ್ಠ ವೇತನಕ್ಕೆ ಅಧಿಸೂಚನೆ ಹೊರಡಿಸಿತು, ಅದೂ ಮತ್ತೆ ಮುಷ್ಕರದ ಬಿಸಿ ತಟ್ಟಿದ ಮೇಲೆ.

ಭೋರ್ ಅವರ ಕಾಲದಲ್ಲಿ ದೇಶಕ್ಕೆ ನರ್ಸುಗಳೇ ಇರಲಿಲ್ಲ. ಅರವತ್ತು ವರ್ಷಗಳ ನಂತರ ಕಲಿತು ಬಂದವರು ಸಾವಿರ ಸಾವಿರ ಇದ್ದರು. ಎರಡೂ ಕಾಲದ ದೂರಿನ ಪಟ್ಟಿ ಹೆಚ್ಚುಕಡಿಮೆ ಒಂದೇ. ಸೇವಾಭಾವದ ಕೊರತೆಯೇ ಕಾರಣವಾಗಿದ್ದರೆ, ಗಂಟೆ, ಕೋಣೆ, ಸಂಬಳಗಳ ಮಾತನ್ನು ಸಮಿತಿಯ ಮೇಲೆ ಸಮಿತಿ ಬರೆಯಬೇಕಾಗಿ ಬರುತ್ತಿರಲಿಲ್ಲ.