ಜಪಾನೀ ಮಾಜಾಂಗ್ ಆಟದಲ್ಲಿ ರಕ್ಷಣಾನೀತಿಯ ವಿಕಾಸ

ಹತ್ತೊಂಬತ್ತನೆಯ ಶತಮಾನದ ಚೀನಾದೇಶದಲ್ಲಿ ರೂಪುಗೊಂಡು, ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಜಪಾನನ್ನು ಸೇರಿದ ಮಾಜಾಂಗ್ ಆಟವು ಅಲ್ಲಿ ಪಡೆದ ಸಂಸ್ಕಾರಗಳಲ್ಲೆಲ್ಲ, ಎದುರಾಳಿಯ ಗೆಲವಿಗೆ ಎಡೆಗೊಡದಂತೆ ಬಿಲ್ಲೆಗಳನ್ನು ಆಯ್ದು ಎಸೆಯುವ ರಕ್ಷಣಾನೀತಿಯೇ ಅತ್ಯಂತ ಗಹನವಾದುದು. ಇದು ಕೇವಲ ಕುಶಲರಾದ ಆಟಗಾರರ ಪ್ರತಿಭೆಯಿಂದ ಉದಿಸಿದುದೆಂದು ತೋರಬಹುದಾದರೂ, ನಿಯಮಗಳ ಇತಿಹಾಸವನ್ನು ಪರಿಶೀಲಿಸಿದಲ್ಲಿ, ಆಟದ ಶಾಸನವು ಬದಲಾದಂತೆಲ್ಲ ಈ ನೀತಿಯು ಸಾಧ್ಯವೂ ಅನಿವಾರ್ಯವೂ ಆಯಿತೆಂಬುದು ವಿಶದವಾಗುತ್ತದೆ.

ಚೀನಾದ ಹಳೆಯ ಪದ್ಧತಿಯಲ್ಲಿ ಎಸೆದ ಬಿಲ್ಲೆಗಳು ಮೇಜಿನ ನಡುವೆ ಕ್ರಮವಿಲ್ಲದೆ ಬೀಳುತ್ತಿದ್ದುವು. ಗೆದ್ದವನಿಗೆ ಉಳಿದ ಮೂವರೂ ಹಣ ಸಲ್ಲಿಸುತ್ತಿದ್ದುದರಿಂದ, ಗೆಲವಿನ ಬಿಲ್ಲೆಯನ್ನು ಒದಗಿಸಿದವನು ವಿಶೇಷ ದಂಡಕ್ಕೆ ಗುರಿಯಾಗುತ್ತಿರಲಿಲ್ಲ. ಜಪಾನಿನಲ್ಲಾದರೋ, ಒದಗಿಸಿದವನೊಬ್ಬನೇ ಸಮಸ್ತ ಋಣವನ್ನು ಹೊರತಕ್ಕದ್ದೆಂಬ ನಿಯಮ ನೆಲೆಗೊಂಡಿತು; ಪ್ರತಿಯೊಬ್ಬನೂ ತಾನೆಸೆದುದನ್ನು ತನ್ನ ಮುಂದೆಯೇ, ಸಾಲಿಗೆ ಆರರಂತೆ, ಎಸೆದ ಕ್ರಮದಲ್ಲಿಯೇ ಜೋಡಿಸುವ ರೂಢಿಯೂ ಬೇರೂರಿತು. ಮೊದಲನೆಯದು ಭಯಕ್ಕೆ ಕಾರಣವನ್ನಿತ್ತರೆ, ಎರಡನೆಯದು ವಿವೇಚನೆಗೆ ಸಾಧನವನ್ನು ಒದಗಿಸಿತು.

ಇವೆರಡಕ್ಕಿಂತಲೂ ಫಲವತ್ತಾದುದು ‘ಫುರಿತೆನ್’ ಎಂಬ ನಿಯಮ: ತಾನು ಕಾಯುತ್ತಿರುವ ಬಿಲ್ಲೆಗಳಲ್ಲಿ ಯಾವುದೊಂದನ್ನಾದರೂ ಹಿಂದೆ ತಾನೇ ಎಸೆದವನು ಅನ್ಯರ ಬಿಲ್ಲೆಯಿಂದ ಗೆಲ್ಲಲಾರನು. ಆದುದರಿಂದ ಎದುರಾಳಿ ತಾನೇ ಎಸೆದ ಬಿಲ್ಲೆ, ಅಂದರೆ ‘ಗೆಂಬುತ್ಸು’, ಅವನ ವಿಷಯದಲ್ಲಿ ನಿರಪಾಯಕರವಾಯಿತು. ‘ಸುಜಿ’ ಎಂಬ ಅನುಮಾನಕ್ರಮವೂ ಇಲ್ಲಿಂದಲೇ ಹುಟ್ಟಿತು: 5 ಮತ್ತು 6ನ್ನು ಹಿಡಿದವನು 4ನ್ನೋ 7ನ್ನೋ ಕಾಯುವನಷ್ಟೆ, ಅವನು 4ನ್ನು ಎಸೆದಿದ್ದರೆ, 7ರಿಂದ ಆ ಬಗೆಯ ಸೋಲು ಒದಗದು. ಒಂದೇ ಬಿಲ್ಲೆಯನ್ನು ಒಂಟಿಯಾಗಿ ಕಾಯುವವನಿಗೂ, 6 ಮತ್ತು 8ರ ನಡುವಣ 7ನ್ನು ಕಾಯುವವನಿಗೂ ಈ ತರ್ಕ ತಗುಲದಾದ್ದರಿಂದ, ಸುಜಿ ಅಪಾಯವನ್ನು ತಗ್ಗಿಸುವುದೇ ಹೊರತು ನಿರ್ಮೂಲಗೊಳಿಸದು. ಒಂದೇ ಬಗೆಯ ನಾಲ್ಕು ಬಿಲ್ಲೆಗಳೂ ಕಣ್ಣಿಗೆ ಬಿದ್ದಾಗ ಅವುಗಳನ್ನವಲಂಬಿಸಿದ ಸರಣಿಗಳು ಅಸಾಧ್ಯವಾಗುವುದನ್ನು ಗಣಿಸುವ ‘ಕಾಬೆ’ ಎಂಬ ಕ್ರಮವು ಇದಕ್ಕೆ ಪೂರಕವಾದುದು.

ಯುದ್ಧಾನಂತರದ ವರ್ಷಗಳಲ್ಲಿ, ವಿಶೇಷವಾಗಿ 1952ರ ಸುಮಾರಿಗೆ ಕ್ರಮಬದ್ಧಗೊಂಡ ‘ರೀಚಿ’ ಪದ್ಧತಿಯು ರಕ್ಷಣೆಗೆ ನಿಶ್ಚಿತವಾದ ಮುಹೂರ್ತವನ್ನೇ ಗೊತ್ತುಮಾಡಿತು. 1000 ಅಂಕಗಳ ಕಡ್ಡಿಯನ್ನು ಪಣವಿಟ್ಟು, ಗೆಲವಿಗೆ ಒಂದೇ ಬಿಲ್ಲೆ ಸಾಕೆಂದು ಆಟಗಾರನು ಸಾರಿದೊಡನೆ, ತನ್ನ ಕೈಯನ್ನು ಮುಂದುವರಿಸಬೇಕೆ, ಇಲ್ಲವೆ ಅದನ್ನು ಒಡೆದು ಸುರಕ್ಷಿತವಾದುದನ್ನಷ್ಟೇ ಎಸೆಯುವ ‘ಬೆತಾಓರಿ’ಯನ್ನು ಆಶ್ರಯಿಸಬೇಕೆ ಎಂಬ ಪ್ರಶ್ನೆ ಉಳಿದವರಿಗೆ ಎದುರಾಗುವುದು.

1969ರಲ್ಲಿ ಪ್ರಕಟವಾಗತೊಡಗಿದ ಅಸಾದಾ ತೆತ್ಸುಯಾರ ‘ಮಾಜಾನ್ ಹೋರೋಕಿ’ ಕಾದಂಬರಿಯ ಕಾಲದಲ್ಲಿ ಆಟವು ಅಪಾರ ಜನಪ್ರಿಯತೆಯನ್ನು ಪಡೆಯಿತು. ಅದೃಷ್ಟದ ‘ಪ್ರವಾಹ’ವನ್ನು ಅರಿತು ಆಡಬೇಕೆಂಬ ನಂಬಿಕೆ ಆಟಗಾರರಲ್ಲಿ ಬಹುಕಾಲ ಪ್ರಬಲವಾಗಿದ್ದಿತು. 2004ರಲ್ಲಿ ತೊತ್ಸುಗೆಕಿ ತೊಹೊಕು ಎಂಬ ಕಾವ್ಯನಾಮದ ಲೇಖಕರು ‘ಕಗಾಕು ಸುರು ಮಾಜಾನ್’ ಎಂಬ ಗ್ರಂಥದಲ್ಲಿ ಈ ನಂಬಿಕೆಯನ್ನು ಅಂಕಿಅಂಶಗಳ ಬಲದಿಂದ ನಿರಾಕರಿಸಿದರು. 2006ರಲ್ಲಿ ಆರಂಭವಾದ ‘ತೆನ್ಹೌ’ ಎಂಬ ಅಂತರ್ಜಾಲ ಕ್ರೀಡಾಂಗಣವು ಅಸಂಖ್ಯ ಪಂದ್ಯಗಳ ದಾಖಲೆಯನ್ನು ಒದಗಿಸಿತು. ಅಲ್ಲಿಯೇ 2019ರಲ್ಲಿ 10ನೆಯ ದಾನ್ ಪದವಿಗೇರಿದ ಮೈಕ್ರೋಸಾಫ್ಟಿನ ‘ಸುಫ್ಕ್ಸ್’ ಯಂತ್ರದ ಸಾಮರ್ಥ್ಯಗಳಲ್ಲಿ ರಕ್ಷಣೆಯೂ ಪ್ರಮುಖವಾದುದಾಗಿತ್ತು.

ಆದಕಾರಣ ಜಪಾನೀ ಮಾಜಾಂಗಿನ ರಕ್ಷಣಾನೀತಿಯನ್ನು ಅಂಜಿಕೆಯ ಆಟವೆಂದು ಹೀಗಳೆಯುವುದು ಯುಕ್ತವಲ್ಲ. ನಿಯಮಗಳು ತೆರೆದಿಟ್ಟ ಸಾಕ್ಷ್ಯವನ್ನು ಓದಿ ನಿರ್ಣಯಕ್ಕೆ ಬರುವ ಈ ಕಲೆಯೇ ಆ ಆಟಕ್ಕೆ ಬೌದ್ಧಿಕ ಗೌರವವನ್ನು ತಂದುಕೊಟ್ಟಿದೆ.